ಪಕ್ಕಾದ ತಾಯಿಮನೆ

ಲೋಬೊ ಮಾಷ್ಟ್ರ ಕಿಸೆಕೋಶದ ಕರಡು, ಪುಟ ನೂರ ಹದಿನಾಲ್ಕು.
ಬಲ್ಮಠದ ಈ ಮಾಳಿಗೆಯಲ್ಲಿ ಫ್ಯಾನು ಹಾಕಿದರೆ ಹಾಳೆ ಹಾರುತ್ತದೆ,
ನಿಲ್ಲಿಸಿದರೆ ನಾನೇ ಕರಗುತ್ತೇನೆ.
ಹಾಳೆಗಳ ಮೇಲೊಂದು ಹಂಚಿನ ತುಂಡು ಇಟ್ಟು
ಕೆಂಪು ಪೆನ್ನಿನ ಮುಚ್ಚಳ ತೆಗೆದೆ:

"ಪುಕ್ಕಾ. ವಿಶೇಷಣ. ಇಂಗ್ಲಿಷರ ಆಡುಮಾತು.
ಅಸಲಿ, ಮೇಲ್ದರ್ಜೆಯ, ಬಹಳ ಸೊಗಸಾದ.
ಮೂಲ: ಹಿಂದಿ."

ಕಾಗುಣಿತ ಸರಿ ಉಂಟು. ನನ್ನ ಕೆಲಸ ಅಲ್ಲಿಗೆ ಮುಗಿಯಿತು.
ಆದರೆ ನಮ್ಮಲ್ಲಿ ಹೊಸಬರು ಯಾರಾದರೂ ಜಗಲಿ ಹತ್ತಿದರೆ
ನೀರು ಬೆಲ್ಲ ಕೊಟ್ಟ ಮೇಲೆ ಕೇಳುವುದು ಅಪ್ಪನ ಹೆಸರಲ್ಲ.
ಬರಿ ಯಾವುದು? ತಾಯಿಯ ಕಡೆ ಯಾರು?
ಯಾವ ಒಲೆಯಿಂದ ಹೊರಟ ಕವಲು?

ನನ್ನ ತಾಯಿ ಅಪ್ಪಿ
ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ.
ಆವಿಗೆ ತಣಿದು ಬಾಗಿಲು ಒಡೆದ ದಿನ
ಒಂದೊಂದೇ ಹಂಚನ್ನು ಅಂಗೈಯಲ್ಲಿ ಕೂರಿಸಿ
ಬೆರಳ ಗಂಟಿನಿಂದ ಕುಟ್ಟುವಳು, ಕಿವಿ ಕೊಡುವಳು.
ಟಣ್ ಅಂದರೆ ಪಕ್ಕಾ, ಬಲಕ್ಕೆ.
ಡಬ್ ಅಂದರೆ ಕಚ್ಚಾ, ಎಡಕ್ಕೆ.
ಅವಳ ಪಕ್ಕಾದಲ್ಲಿ ಸೊಗಸು ಗಿಗಸು ಇರಲಿಲ್ಲ,
ಬೆಂಕಿ ಒಳಗಿನವರೆಗೆ ಹೋಗಿದೆಯೋ ಇಲ್ಲವೋ, ಅಷ್ಟೇ.
ರಾತ್ರಿ ಗಂಜಿ ಬಡಿಸುವಾಗ ಆ ಬೆರಳು ಮಡಚುತ್ತಿರಲಿಲ್ಲ.

"ಪಕ್ಕ ಬಲ" ಎಂದು ಕರೆಯುವಳು. ಅದು ತುಳುವಿನ ಪಕ್ಕ: ಬೇಗ.
ಓಡಿ ಹೋಗಿ ಕುಳಿತದ್ದು ಕನ್ನಡದ ಪಕ್ಕದಲ್ಲಿ.
ಮುಖ ಒಂದೇ, ನೆಂಟಸ್ತಿಕೆ ಇಲ್ಲ,
ಬಸ್ಸಿನಲ್ಲಿ ನಮ್ಮಂತೆಯೇ ಕಾಣುವ ಯಾರೋ ಇದ್ದ ಹಾಗೆ.
ನಡುವೆ ಇರುವುದು ಒಂದು ದೀರ್ಘ.
ಅದು ಬಿದ್ದುಹೋದ ರಾತ್ರಿಗಳಲ್ಲಿ ನನಗೆ ನಿದ್ದೆ ಬಂದದ್ದಿಲ್ಲ.

ಹಾಗಾದರೆ ಹಿಂದಿಯ ಹಿಂದೆ ಯಾರು ಮಾಷ್ಟ್ರೇ?
ಪಕ್ವ.
ಅದರ ಹಿಂದೆ ಬೇಯಿಸು ಎಂಬ ಚಿಕ್ಕ ಧಾತು, ಪಚ್,
ಕುದಿವ ಗಂಜಿಯ ಒಂದು ಗುಳ್ಳೆ ಒಡೆದಷ್ಟು.
ನೂಲಿನಂತೆ ಎಳೆ ಬರುವ ಬೆಲ್ಲದ ಪಾಕ ಅವಳ ಮಗಳು.
ಅವಳಿಗೂ ಹಿರಿಯಳೊಬ್ಬಳು ಇದ್ದಳಂತೆ, ಹೆಸರು ಬರೆದಿಟ್ಟವರಿಲ್ಲ;
ಆ ಒಲೆಯ ಇನ್ನೊಂದು ಕವಲು ಪಡುವಣಕ್ಕೆ ನಡೆಯಿತು,
ದಾರಿಯಲ್ಲೆಲ್ಲೋ ಪಕಾರ ಕಳೆದು ಕಕಾರ ಹೊತ್ತು
ರೋಮಿನವರ ಅಡುಗೆಮನೆ ಸೇರಿತು,
ಅಲ್ಲಿಂದ ಇಂಗ್ಲಿಷರ ಮನೆಗೆ, ಕುಕ್ ಎಂದು ಹೆಸರಿಟ್ಟುಕೊಂಡು.

ಎಷ್ಟೋ ಕಾಲದ ಮೇಲೆ
ಯಾವನೋ ದೊರೆ ಪೆಟ್ಟಿಗೆಯಲ್ಲಿ ಕರಿಮೆಣಸಿನ ಜೊತೆ
ಪಕ್ಕಾವನ್ನೂ ಹಡಗು ಹತ್ತಿಸಿ ಊರಿಗೆ ಒಯ್ದ.
ಬಾಗಿಲು ತೆರೆದರೆ ಒಳಗೆ ಸೌಟು ಹಿಡಿದು ನಿಂತವಳು
ದೊಡ್ಡಮ್ಮನ ಮಗಳು!
ಯಾರೂ ಬರಿ ಕೇಳಲಿಲ್ಲ.
ಈಗ ಅಲ್ಲಿನ ಹುಡುಗರು ಯಾರನ್ನೋ ಹೊಗಳಿ
ಪುಕ್ಕಾ ಕುಕ್ ಅಂದರೆ ಅಂದಾರು,
ಒಂದೇ ಬರಿಯ ಎರಡು ಮಾತುಗಳಿಗೆ ಗಂಟು ಹಾಕಿ.
ನಮ್ಮಲ್ಲಾದರೆ ಗುರಿಕಾರರು ಚಪ್ಪರದಿಂದಲೇ ಎಬ್ಬಿಸುತ್ತಿದ್ದರು.

ಇದನ್ನೆಲ್ಲ ಅಂಚಿನಲ್ಲಿ ಬರೆಯಲು ಅಂಚು ಎಲ್ಲಿ?
ಫೋನು ಮಾಡಿದೆ. ಮಾಷ್ಟ್ರು ಚಾ ಕುಡಿಯುತ್ತಿದ್ದರು.
"ಕಿಸೆಕೋಶ ಮಾರಾಯಾ, ಒಂದು ಮಾತಿಗೆ ಮೂರು ಸಾಲು."
ಕಟಕ್ ಎಂದು ಬಿಸ್ಕತ್ತು ಕಡಿದ ಸದ್ದು:
ಎರಡು ಸಲ ಬೆಂದದ್ದು ಎಂದೇ ಅದರ ಅರ್ಥ,
ಅದೂ ಅದೇ ಮನೆಯದು, ಹೇಳಲಿಲ್ಲ.
ಅವರ ಒಳಮನೆಯಲ್ಲಿ ಕುಕ್ಕರ್ ಎರಡನೇ ಸಲ ಕೂಗಿತು.
"ಇಡ್ತೇನೆ" ಅಂದರು.

ಪುಟ ನೂರ ಹದಿನಾಲ್ಕು, ತಪ್ಪಿಲ್ಲ, ಸಹಿ.

ಹಾಳೆ ತಿರುಗಿಸಲು ಹಂಚಿನ ತುಂಡು ಎತ್ತಿದೆ.
ಅಮ್ಮ ಎಡಕ್ಕೆ ಹಾಕಿದ್ದು; ಮಾರಾಟಕ್ಕಿಲ್ಲವೆಂದು ಮನೆಗೆ ತಂದದ್ದು.
ಬೆರಳ ಗಂಟಿನಿಂದ ಒಮ್ಮೆ ಕುಟ್ಟಿದೆ.
ಡಬ್.
ಇಷ್ಟು ಬೇಸಿಗೆ ಕಳೆದರೂ.
ಮತ್ತೆ ಅದನ್ನೇ ಇಟ್ಟು
ಫ್ಯಾನು ಹಾಕಿದೆ.